ಪ್ರಶ್ನೋತ್ತರ: ಟೈಮ್ ಟ್ರಯಲ್‌ಗೆ ಯಾವ ಟೈರ್?

ಈ ಸಲದ ಅಂಕಣ ಪೂರ್ತಿ ಟೈರಿಗೆ ಮೀಸಲು. ಹವ್ಯಾಸಕ್ಕೆಂದು ಸ್ವಂತ ಕಾರನ್ನೇ ಟ್ರ್ಯಾಕ್‌ಗೆ ಒಯ್ದು ಗಡಿಯಾರದ ಎದುರು ಓಡಿಸುವ ಓದುಗರ ಪ್ರಶ್ನೆಗಳಲ್ಲಿ ಆರನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನದು ಪೋಲೊ ಜಿಟಿ ಟಿಎಸ್‌ಐ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಮೊದಲ ಸಲ ಟೈಮ್ ಟ್ರಯಲ್‌ಗೆ ಇಳಿಯುತ್ತಿದ್ದೇನೆ. ಈಗಿರುವುದು 195/55 ಆರ್16 ರಸ್ತೆ ಟೈರ್, ಎರಡು ವರ್ಷದ್ದು. ಸೆಮಿ-ಸ್ಲಿಕ್ (ಕೆಲವೇ ಗೀರಿರುವ, ಮೆತ್ತನೆ ರಬ್ಬರಿನ ಟ್ರ್ಯಾಕ್ ಟೈರ್) ಹಾಕಿದರೆ ನಾಲ್ಕೈದು ಸೆಕೆಂಡ್ ಸಿಗುತ್ತದೆ ಅಂತಾರೆ ಗೆಳೆಯರು. ತಗೊಳ್ಳಲೇ? (ಬೆಂಗಳೂರು)

ಉತ್ತರ: ಮೊದಲ ಸ್ಪರ್ಧೆಗೆ ಬೇಡ. ಈಗಿನ ಟೈರ್ ಗಟ್ಟಿಮುಟ್ಟಾಗಿದ್ದರೆ ಅದರಲ್ಲೇ ಓಡಿಸಿ. ಒಳ್ಳೆಯ ರಸ್ತೆ ಟೈರ್ ಜಾರುವ ಮೊದಲು ಕಿರುಚುತ್ತದೆ, ಹಿಡಿತವನ್ನು ನಿಧಾನವಾಗಿ ಬಿಡುತ್ತದೆ. ಬ್ರೇಕ್ ಎಲ್ಲಿ ತಡವಾಯಿತು, ಸ್ಟೇರಿಂಗ್ ಎಲ್ಲಿ ಜಾಸ್ತಿಯಾಯಿತು ಅನ್ನುವುದು ಆ ತಿರುವಿನಲ್ಲೇ ಗೊತ್ತಾಗುತ್ತದೆ. ಸೆಮಿ-ಸ್ಲಿಕ್ ಅಷ್ಟು ಸದ್ದು ಮಾಡುವುದಿಲ್ಲ; ಕೊನೆಯವರೆಗೂ ಹಿಡಿದುಕೊಂಡಿದ್ದು ಒಮ್ಮೆಲೇ ಬಿಟ್ಟುಬಿಡುತ್ತದೆ. ಹೊಸ ಚಾಲಕನ ತಪ್ಪುಗಳನ್ನೂ ತನ್ನ ಹಿಡಿತದಲ್ಲೇ ಮುಚ್ಚಿಹಾಕುತ್ತದೆ. ಮೇಲಾಗಿ, ಹಿಡಿತ ಹೆಚ್ಚಿದಷ್ಟೂ ಬ್ರೇಕ್ ಮೇಲೆ ಹೊರೆ ಹೆಚ್ಚು. ನಾಲ್ಕು ಸುತ್ತಿಗೆ ಕಂಪನಿ ಹಾಕಿಕೊಟ್ಟ ಪ್ಯಾಡ್ ಅತಿಯಾಗಿ ಕಾದು, ಹಳೆಯ ಬ್ರೇಕ್ ದ್ರವ ಕುದಿದು, ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಟೈರಿಗಿಂತ ಮೊದಲು ಹೊಸ ಡಾಟ್ 4 ದ್ರವ ಹಾಕಿಸಿ.

ಹೊರಡುವ ಮೊದಲು ಟೈರನ್ನು ಕೂತು ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ್ದನ್ನು ಟ್ರ್ಯಾಕ್‌ಗೆ ಒಯ್ಯಬೇಡಿ. ಪಂಚರ್ ಹಾಕಿಸಿದ ಟೈರೂ ಬೇಡ: ಬತ್ತಿ ತುರುಕಿದ ಜಾಗ ಬಿಸಿಗೂ ಪಕ್ಕದ ಎಳೆತಕ್ಕೂ ಬಿಟ್ಟುಕೊಳ್ಳಬಹುದು. ಟ್ರೆಡ್ ಆಳ 4 ಮಿ.ಮೀ. ಇದ್ದರೆ ಒಣ ಟ್ರ್ಯಾಕ್‌ಗೆ ಧಾರಾಳ. 87ವಿ ಎಂದು ಬರೆದಿದ್ದರೆ ಒಂದೊಂದು ಟೈರ್ 545 ಕೆ.ಜಿ. ಹೊರುತ್ತದೆ, ಗಂಟೆಗೆ 240 ಕಿ.ಮೀ. ವೇಗ ತಾಳುತ್ತದೆ, ಪೋಲೊಗೆ ಅಷ್ಟು ಸಾಕು.

ಎರಡು ಮೂರು ಸ್ಪರ್ಧೆ ಆದ ಮೇಲೆ, ಒಂದೇ ದಿನದ ನಿಮ್ಮ ಒಳ್ಳೆಯ ಸುತ್ತುಗಳು ಅರ್ಧ ಸೆಕೆಂಡಿನ ಅಂತರದೊಳಗೆ ಬರತೊಡಗಿದಾಗ, ಮುಂದಿನ ಮೆಟ್ಟಿಲು ಹತ್ತಿ. ಅದು ಮಿಷೆಲಿನ್ ಪೈಲಟ್ ಸ್ಪೋರ್ಟ್ 4 ಥರದ ಸ್ಪೋರ್ಟ್ ರಸ್ತೆ ಟೈರ್. ಅದರ ನಂತರ 200 ಟ್ರೆಡ್‌ವೇರ್ ವರ್ಗ (ಮುಂದಿನ ಪ್ರಶ್ನೆ ನೋಡಿ), ಆಮೇಲೆ ಸೆಮಿ-ಸ್ಲಿಕ್. ನಮ್ಮಲ್ಲಿ ಈ ಕೊನೆಯ ಎರಡು ಸುಲಭವಾಗಿ ಸಿಗುವುದಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಹಾಗಾಗಿ ಟೈರ್ ನೋಡಿ ಅಳತೆ ಆರಿಸುವ ಬದಲು, ಸಿಗುವ ಅಳತೆ ನೋಡಿ ಟೈರ್ ಆರಿಸಬೇಕಾಗುತ್ತದೆ. ನಿಮ್ಮ ಕಾರಿಗೆ 205/50 ಆರ್16 ಕೂಡ ಆಗುತ್ತದೆ: ಸುತ್ತಳತೆ ಒಂದೂವರೆ ಶೇಕಡಾ ಕಡಿಮೆ, ರಿಮ್ ಅಗಲ 5.5ರಿಂದ 7.5 ಇಂಚು ಇರಬೇಕು.

ಪ್ರಶ್ನೆ: 200 ಟ್ರೆಡ್‌ವೇರ್ ಅಂದರೆ ಹಿಡಿತದ ಅಳತೆಯೇ? ಒಂದು ಕಂಪನಿಯ 200, ಇನ್ನೊಂದರ 200 ಎರಡೂ ಒಂದೇನಾ? (ಮೈಸೂರು)

ಉತ್ತರ: ಎರಡೂ ಅಲ್ಲ. ಅದು ಸವೆತದ ಅಂಕಿ. ಅಮೆರಿಕದ ಟೆಕ್ಸಸ್‌ನಲ್ಲಿ ಸ್ಯಾನ್ ಆಂಜೆಲೊ ಊರಿನ ಸುತ್ತಮುತ್ತಲ 400 ಮೈಲಿಯ ಸಾರ್ವಜನಿಕ ರಸ್ತೆಯಲ್ಲಿ ಒಟ್ಟು 7,200 ಮೈಲಿ, ಅಂದರೆ ಸುಮಾರು 11,600 ಕಿ.ಮೀ. ಓಡಿಸಿ, ಜೊತೆಗೆ ಓಡಿದ ಒಂದು ಮಾದರಿ ಟೈರಿಗಿಂತ ಎಷ್ಟು ನಿಧಾನ ಸವೆಯಿತು ಎಂದು ಲೆಕ್ಕ ಹಾಕುತ್ತಾರೆ. ಮಾದರಿಯ ಅಂಕ 100. ಆದರೆ ಟೈರಿನ ಮೇಲೆ ಅಚ್ಚು ಹಾಕುವ ಅಂಕಿಯನ್ನು ಕೊಡುವುದು ಆಯಾ ಕಂಪನಿಯೇ. ಅಮೆರಿಕದ ಹವ್ಯಾಸಿ ಸ್ಪರ್ಧೆಗಳ ಹಲವು ವರ್ಗಗಳಲ್ಲಿ "200 ಅಥವಾ ಮೇಲೆ" ಎಂಬ ನಿಯಮ ಬಂದ ಮೇಲೆ, ಕಂಪನಿಗಳು ಆ ಗೆರೆಗೆ ಸರಿಯಾಗಿ ಹೊಂದುವ, ಸೆಮಿ-ಸ್ಲಿಕ್‌ಗೆ ಹತ್ತಿರದ ಟೈರ್ ಮಾಡತೊಡಗಿದವು. ಅದಕ್ಕೇ ಹ್ಯಾಂಕೂಕ್ ಆರ್‌ಎಸ್4, ಯೊಕೊಹಾಮಾ ಎ052 ಎರಡರ ಮೇಲೂ 200 ಎಂದೇ ಇದ್ದರೂ, ಮೊದಲನೆಯದು ಎರಡನೆಯದಕ್ಕಿಂತ ಬಹಳ ದಿನ ಬಾಳುತ್ತದೆ, ಎರಡನೆಯದು ಒಂದು ಸುತ್ತಿನಲ್ಲಿ ಸ್ಪಷ್ಟವಾಗಿ ವೇಗ. ಪಕ್ಕದಲ್ಲಿರುವ ಎಎ, ಎ, ಬಿ ಅಕ್ಷರವೂ ಒದ್ದೆ ನೆಲದಲ್ಲಿ ನೇರ ಬ್ರೇಕ್ ಹಾಕಿದಾಗಿನ ಹಿಡಿತದ್ದು. ತಿರುವಿನ ಹಿಡಿತದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಪ್ರಶ್ನೆ: ಟೊಯೊಟಾ ಜಿಆರ್86 ಇದೆ, 17 ಇಂಚಿನ, 7.5 ಅಗಲದ ಕಂಪನಿ ರಿಮ್. ಇಲ್ಲಿನ ವಿಲೋಸ್ ಊರಿನ ಥಂಡರ್‌ಹಿಲ್ ಟ್ರ್ಯಾಕ್‌ನಲ್ಲಿ ಎ052 ಹಾಕಿ ಓಡಿಸಿದೆ. ಎರಡನೇ ಸುತ್ತು ಒಳ್ಳೆಯ ಸಮಯ, ನಾಲ್ಕನೆಯದರಲ್ಲಿ ಕಾರು ಎಣ್ಣೆ ಮೇಲೆ ಹೋದ ಹಾಗೆ. ಟೈರ್ ಹಾಳಾಯಿತಾ? ಇದೇ ರಿಮ್‌ಗೆ 245 ಮಿ.ಮೀ. ಅಗಲದ ಟೈರ್ ಹಾಕಬಹುದಾ? (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಉತ್ತರ: ಹಾಳಾಗಿಲ್ಲ, ಅತಿಯಾಗಿ ಕಾದಿದೆ. ಎ052 ಪಿಟ್ (ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ) ಬಿಟ್ಟ ಮೊದಲ ಸುತ್ತಿಗೇ ಎಚ್ಚರವಾಗುತ್ತದೆ, ಅಷ್ಟೇ ಬೇಗ ದಣಿಯುತ್ತದೆ. ವಿಲೋಸ್‌ನ ಬೇಸಿಗೆ ಬಿಸಿಲಿನಲ್ಲಿ ಮೂರು ಮೈಲಿಯ ಆ ಟ್ರ್ಯಾಕ್ ಅದಕ್ಕೆ ಎರಡು ಸುತ್ತು, ಹೆಚ್ಚೆಂದರೆ ಮೂರು ಕೊಡುತ್ತದೆ. ಅರ್ಧ ಗಂಟೆ ಬಿಡದೆ ಓಡಿಸುವವರಿಗೆ ಅದು ದೋಷ. ಟೈಮ್ ಟ್ರಯಲ್‌ನಲ್ಲಿ ಲೆಕ್ಕಕ್ಕೆ ಬರುವುದು ಒಂದೇ ಸುತ್ತು, ಆದ್ದರಿಂದ ನಿಮಗೆ ಅದೇ ಗುಣ. ಟೈರ್ ಕೊಳ್ಳುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ "ಯಾವುದು ಅತಿ ಮೆತ್ತಗೆ" ಎಂದಲ್ಲ. "ನನಗೆ ಖಾಲಿ ಟ್ರ್ಯಾಕ್ ಸಿಗುವ ಸುತ್ತಿನಲ್ಲಿ ಯಾವ ಟೈರ್ ತನ್ನ ಸರಿಯಾದ ಬಿಸಿಯಲ್ಲಿರುತ್ತದೆ" ಎಂದು. ಸಾಲಿನಲ್ಲಿ ಮೊದಲು ಹೊರಡುವವರಾದರೆ ಎ052 ಇರಲಿ. ಮುಂದೆ ಸದಾ ನಿಧಾನದ ಕಾರು ಸಿಕ್ಕಿ ನಾಲ್ಕನೇ ಸುತ್ತಿಗೇ ದಾರಿ ಬಿಡುವಾಗುತ್ತದೆ ಎನ್ನುವುದಾದರೆ ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಇನ್ನೊಂದು ಸುತ್ತು ಹೆಚ್ಚು ತಾಳುತ್ತದೆ. ದಿನವಿಡೀ ಅಭ್ಯಾಸಕ್ಕೆ ಆರ್‌ಎಸ್4.

ಹೊರಡುವ ಸುತ್ತನ್ನು ಮುಕ್ಕಾಲು ವೇಗದಲ್ಲಿ ಓಡಿಸಿ. ಬಿಸಿ ಬರುವುದು ನೇರ ದಾರಿಯಲ್ಲಿ ಹಾವಿನಂತೆ ಓಲಾಡಿದ್ದಕ್ಕಲ್ಲ, ಗಟ್ಟಿಯಾಗಿ ಬ್ರೇಕ್ ಹಾಕಿದ್ದಕ್ಕೆ. ಆ ಸುತ್ತಿನ ಕೊನೆಯಲ್ಲಿ ಮುಂದಿನ ಕಾರಿಗೂ ನಿಮಗೂ ಹತ್ತು ಸೆಕೆಂಡ್ ಅಂತರ ಬಿಟ್ಟುಕೊಂಡು, ಎರಡು ಸುತ್ತು ಪೂರ್ತಿ ಓಡಿಸಿ, ಒಂದು ಸುತ್ತು ತಣಿಸಿ, ಇನ್ನೊಮ್ಮೆ ಪ್ರಯತ್ನಿಸಿ. ಹೊಚ್ಚ ಹೊಸ ಟೈರಿನ ಎತ್ತರದ ಟ್ರೆಡ್ ಕಟ್ಟೆಗಳು ತಿರುವಿನಲ್ಲಿ ಓಲಾಡಿ ಬೇಗ ಕಾಯುತ್ತವೆ; ಸವೆದು 4-5 ಮಿ.ಮೀ. ಉಳಿದಾಗಲೇ ಒಣ ಟ್ರ್ಯಾಕ್‌ನಲ್ಲಿ ಇವು ಅತಿ ವೇಗ. ಹೊಸ ಸೆಟ್ಟನ್ನು ಮೊದಲ ದಿನ ಹತ್ತು ಹದಿನೈದು ನಿಮಿಷ ನಿಧಾನವಾಗಿ ಬಿಸಿ ಏರಿಸಿ, ಒಂದು ಹಗಲು ಒಂದು ರಾತ್ರಿ ಸುಮ್ಮನೆ ಬಿಟ್ಟು ಆಮೇಲೆ ಬಳಸಿದರೆ ಹೆಚ್ಚು ಬಾಳಿಕೆ.

245/40 ಆರ್17ಗೆ ರಿಮ್ 8ರಿಂದ 9.5 ಇಂಚು ಇರಬೇಕು. 7.5ರ ಮೇಲೆ ಕೂರಿಸಿದರೆ ಗೋಡೆ ಉಬ್ಬಿ ತಿರುವಿನಲ್ಲಿ ಮಡಚುತ್ತದೆ, ಅಗಲದ ಲಾಭವೆಲ್ಲ ಅಲ್ಲಿ ಹೋಗುತ್ತದೆ. ಈ ರಿಮ್‌ಗೆ 225/45 ಆರ್17 ಸರಿ. 9 ಇಂಚಿನ ರಿಮ್ ಕೊಂಡ ಮೇಲೆ 245 ಹಾಕಿ. ಅದಕ್ಕೂ ಮೊದಲು ನಿಮ್ಮ ವರ್ಗದ ನಿಯಮ ಓದಿ; ನಾಸಾ (ಬಾಹ್ಯಾಕಾಶ ಸಂಸ್ಥೆಯಲ್ಲ, ಅಮೆರಿಕದ ಕಾರ್ ರೇಸಿಂಗ್ ಸಂಘಟನೆ) ನಡೆಸುವ ಟೈಮ್ ಟ್ರಯಲ್‌ನಲ್ಲಿ ಟೈರಿನ ಬಗೆಯೂ ಅಗಲವೂ ಕಾರಿನ ತೂಕ-ಶಕ್ತಿ ಲೆಕ್ಕಕ್ಕೆ ಸೇರುತ್ತವೆ.

ಪ್ರಶ್ನೆ: ಸ್ವಿಫ್ಟ್, 185/65 ಆರ್15. ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ಒಂದೇ ದಿನಕ್ಕೆ ಮುಂದಿನ ಎರಡೂ ಟೈರಿನ ಹೊರ ಅಂಚು ಕಿತ್ತುಹೋಯಿತು. ಮಧ್ಯ, ಒಳಭಾಗ ಹೊಸದರಂತಿದೆ. ಗಾಳಿ ಕಡಿಮೆಯಾಯಿತೇ? ಎಷ್ಟು ಹಾಕಬೇಕು? (ಮಂಗಳೂರು)

ಉತ್ತರ: ಮೂರು ಕಾರಣ ಒಟ್ಟಿಗೆ ಸೇರಿರಬಹುದು: ಗಾಳಿ ಒತ್ತಡ, ಕ್ಯಾಂಬರ್ (ಚಕ್ರ ನೆಟ್ಟಗಿರದೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಚಾಲನೆ. ಯಾವುದು ಎಷ್ಟು ಎಂದು ಟೈರೇ ತೋರಿಸುತ್ತದೆ.

ಮೊದಲು ಒತ್ತಡ. ತಣ್ಣಗಿರುವಾಗಿನ ಅಂಕಿ ಕೇವಲ ಆರಂಭ, ಬೇಕಾದದ್ದು ಬಿಸಿಯಾದಾಗಿನದು. 30 ಡಿಗ್ರಿಯಲ್ಲಿ 28 ಪಿಎಸ್‌ಐ ಇದ್ದದ್ದು ಒಳಗಿನ ಗಾಳಿ 70ಕ್ಕೆ ಏರಿದಾಗ 33-34 ಆಗುತ್ತದೆ. ಸ್ವಿಫ್ಟ್‌ನಂಥ ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಎಳೆಯುವುದು, ತಿರುಗುವುದು, ಬ್ರೇಕಿನ ಬಹುಪಾಲು ಎಲ್ಲ ಮುಂದಿನ ಎರಡು ಟೈರಿನದೇ ಕೆಲಸ, ಹಾಗಾಗಿ ಮುಂದೆ ಹೆಚ್ಚು ಏರುತ್ತದೆ. ಮುಂದೆ 28, ಹಿಂದೆ 30 ಹಾಕಿ ಹೊರಡಿ. ಮೂರು ನಾಲ್ಕು ವೇಗದ ಸುತ್ತು ಮುಗಿಸಿ ಪಿಟ್‌ಗೆ ಬಂದ ಒಂದೆರಡು ನಿಮಿಷದೊಳಗೆ ಗೇಜ್ ಹಿಡಿದು, ನಾಲ್ಕರಲ್ಲೂ ಸುಮಾರು 34 ಬರುವಂತೆ ಗಾಳಿ ಬಿಡಿ. ನೆರಳಿನಲ್ಲಿ ನಿಲ್ಲಿಸಿ ಅಳೆಯಿರಿ; ಒಂದು ಬದಿಗೆ ಬಿಸಿಲು ಬಿದ್ದರೆ ಆ ಬದಿ ಒಂದೆರಡು ಪಿಎಸ್‌ಐ ಸುಳ್ಳು ಹೇಳುತ್ತದೆ. ನೈಟ್ರೋಜನ್ ತುಂಬಿಸಿದರೆ ಒತ್ತಡ ಏರುವುದಿಲ್ಲ ಎಂಬ ಮಾತು ನಿಜವಲ್ಲ, ಅದೂ ಅಷ್ಟೇ ಏರುತ್ತದೆ. ವ್ಯತ್ಯಾಸ ಇರುವುದು ತೇವದಲ್ಲಿ: ನೀರು ತುಂಬಿದ ಹಳೆಯ ಕಂಪ್ರೆಸರ್‌ನಿಂದ ಹಾಕಿಸಿದ ಗಾಳಿ ಬಿಸಿಗೆ ಲೆಕ್ಕ ತಪ್ಪಿಸುತ್ತದೆ. ಟ್ಯಾಂಕಿನ ನೀರು ಬಸಿದ ಮೇಲೆ ಹಾಕಿಸಿಕೊಳ್ಳಿ.

ಮಕ್ಕಳ ಕ್ಯಾನ್ವಾಸ್ ಶೂಗೆ ಹಚ್ಚುವ ಬಿಳಿ ಪಾಲಿಶನ್ನು ಟ್ರೆಡ್ಡಿನ ಅಂಚಿನಿಂದ ಗೋಡೆಯವರೆಗೆ ಎರಡು ಬೆರಳಗಲ ಮೂರು ಕಡೆ ಬಳಿಯಿರಿ. ಎರಡು ಸುತ್ತಾದ ಮೇಲೆ ಅಂಚಿನ ಬಳಿಯ ಪುಟ್ಟ ತ್ರಿಕೋನ ಗುರುತಿನವರೆಗೆ ಅಳಿಸಿದ್ದರೆ ಸರಿ. ಅದನ್ನೂ ದಾಟಿ ಗೋಡೆ ಮೇಲೆ ಅಳಿಸಿದ್ದರೆ ಟೈರ್ ಮಡಚುತ್ತಿದೆ, ಒತ್ತಡ ಎರಡು ಪಿಎಸ್‌ಐ ಏರಿಸಿ.

ಇನ್ನು ಕ್ಯಾಂಬರ್. ಸೂಜಿ ಮೊನೆಯ ಥರ್ಮಾಮೀಟರನ್ನು ರಬ್ಬರಿನೊಳಗೆ ಚುಚ್ಚಿ ಹೊರಗೆ, ಮಧ್ಯ, ಒಳಗೆ ಮೂರು ಕಡೆ ಅಳೆಯಿರಿ. ದೂರದಿಂದ ಹಿಡಿಯುವ ಇನ್‌ಫ್ರಾರೆಡ್ ಗನ್ ತೋರಿಸುವುದು ಮೇಲ್ಮೈಯನ್ನು ಮಾತ್ರ, ಅದು ಪಿಟ್ ದಾರಿಯಲ್ಲೇ ತಣಿದಿರುತ್ತದೆ. ಉದಾಹರಣೆಗೆ ಹೊರಗೆ 98, ಮಧ್ಯ 88, ಒಳಗೆ 74 ಡಿಗ್ರಿ ಬಂತು ಎನ್ನಿ. ಎರಡು ಅಂಚುಗಳ ಸರಾಸರಿ 86, ಮಧ್ಯ 88, ಒತ್ತಡ ಸರಿಯಾಗಿದೆ. ಹೊರಗಿಗೂ ಒಳಗಿಗೂ 24 ಡಿಗ್ರಿ ಅಂತರವಿದೆ, ಅಂದರೆ ತಿರುವಿನಲ್ಲಿ ಕಾರು ವಾಲಿದಾಗ ಭಾರವೆಲ್ಲ ಹೊರ ಅಂಚಿನ ಮೇಲೆ ನಿಂತಿದೆ. ಬೇಕಾದದ್ದು ಇದರ ಉಲ್ಟಾ: ಒಳಗೆ ಐದರಿಂದ ಎಂಟು ಡಿಗ್ರಿ ಹೆಚ್ಚು.

ಸ್ವಿಫ್ಟ್‌ಗೆ ಕಂಪನಿ ಕೊಡುವ ಕ್ಯಾಂಬರ್ ಸೊನ್ನೆಯ ಆಸುಪಾಸು. ಸ್ಟ್ರಟ್ (ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ಕಂಬ) ಕೆಳಗಿನ ಎರಡು ಬೋಲ್ಟ್‌ಗಳಲ್ಲಿ ಮೇಲಿನದರ ಜಾಗಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿದರೆ ಋಣ, ಅಂದರೆ ಒಳಕ್ಕೆ ವಾಲುವ, ಕ್ಯಾಂಬರ್ ಒಂದರಿಂದ ಒಂದೂವರೆ ಡಿಗ್ರಿ ಸಿಗುತ್ತದೆ. ಎರಡೂವರೆ ಬೇಕೆಂದರೆ ಮೇಲೆ ಕ್ಯಾಂಬರ್ ಪ್ಲೇಟ್ ಹಾಕಿಸಬೇಕು. ಬೋಲ್ಟ್ ಹಾಕಿದಾಗ ಟೈರಿನ ತಲೆ ಸ್ಟ್ರಟ್ ಕಡೆಗೆ ವಾಲುತ್ತದೆ. ನಡುವೆ ಕನಿಷ್ಠ 5 ಮಿ.ಮೀ. ಸಂದು ಉಳಿಯಬೇಕು. ಕ್ಯಾಂಬರ್ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೂಡ ಬದಲಾಗುತ್ತದೆ. ಅದೇ ದಿನ ಅಲೈನ್‌ಮೆಂಟ್ ಮಾಡಿಸಿ ಟೋ ಸೊನ್ನೆಗೆ ತರಿಸಿ. ಊರೊಳಗಿನ ಓಡಾಟದಲ್ಲಿ ಒಳ ಅಂಚನ್ನು ಬೇಗ ತಿನ್ನುವುದು ಕ್ಯಾಂಬರ್‌ಗಿಂತ ಹೆಚ್ಚಾಗಿ ತಪ್ಪಿದ ಟೋ.

ಕೊನೆಗೆ ಚಾಲನೆ. ಕರಿ ಟ್ರ್ಯಾಕ್ 2.1 ಕಿ.ಮೀ. ಉದ್ದದ್ದು, ತಿರುವಿನ ಮೇಲೆ ತಿರುವು. ವೇಗ ಹೆಚ್ಚಾಗಿ ಒಳಹೊಕ್ಕು ಮುಂದಿನ ಚಕ್ರ ಜಾರತೊಡಗಿದಾಗ ಸ್ಟೇರಿಂಗ್ ಇನ್ನಷ್ಟು ತಿರುಗಿಸುವುದು ಎಲ್ಲರ ಸಹಜ ಪ್ರತಿಕ್ರಿಯೆ. ಆಗ ಟೈರ್ ಅಡ್ಡಡ್ಡ ಉಜ್ಜುತ್ತದೆ. ಅಂಚಿನಲ್ಲಿ ಗರಗಸದ ಹಲ್ಲಿನಂತೆ ರಬ್ಬರ್ ಏಳುವುದು ಅದರಿಂದಲೇ. ಸ್ಟೇರಿಂಗ್ ಸ್ವಲ್ಪ ಬಿಡಿಸಿ, ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಎತ್ತಿ. ಈಗಿನ ಜೋಡಿಯ ಅಂಚಿನಲ್ಲಿ ದಾರ ಕಾಣದಿದ್ದರೆ ಹಿಂದಕ್ಕೆ ಹಾಕಬಹುದು, ಕಂಡರೆ ಎಸೆಯಿರಿ. ಟ್ರ್ಯಾಕ್‌ನಿಂದ ಮನೆಗೆ ಹೊರಡುವ ಮುನ್ನ, ಟೈರ್ ತಣಿದ ಮೇಲೆ, ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿರುವಷ್ಟು ಗಾಳಿ ಮತ್ತೆ ತುಂಬಿಸಿ. ಬಿಸಿಯಲ್ಲಿ ಬಿಟ್ಟ ಟೈರ್ ಬೆಳಿಗ್ಗೆಗೆ 26ಕ್ಕೂ ಇಳಿದಿರಬಹುದು.

ಪ್ರಶ್ನೆ: ರೇಸ್ ತಂಡಗಳು ಬಳಸಿ ಬಿಟ್ಟ ಸ್ಲಿಕ್ (ಗೀರೇ ಇಲ್ಲದ ರೇಸ್ ಟೈರ್) ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಬಹುದೇ? (ಶಿವಮೊಗ್ಗ)

ಉತ್ತರ: ಬೇಡ. ಪ್ರತಿ ಸಲ ಕಾದು ತಣಿದಾಗಲೂ ಈ ರಬ್ಬರ್ ಗಟ್ಟಿಯಾಗುತ್ತದೆ. ನೋಡಲು ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೂ ಹಿಡಿತ ಹೋಗಿರುತ್ತದೆ. ಫಾರ್ಮುಲಾ ಕಾರಿನದಾದರೆ ಇನ್ನೊಂದು ಅಪಾಯ: ಅದರ ಗೋಡೆ ಹಗುರ ಕಾರಿಗೆಂದು ಮಾಡಿದ್ದು, ಸಾವಿರ ಕೆ.ಜಿ.ಯ ಮನೆ ಕಾರಿನ ಕೆಳಗೆ ಮಡಚಿ ಒಳಗೊಳಗೇ ಕಾದು ಬಿರಿಯಬಹುದು. ರಸ್ತೆಯಲ್ಲಂತೂ ಸ್ಲಿಕ್ ಓಡಿಸುವಂತಿಲ್ಲ. ನಾಲ್ಕನ್ನೂ ಹೊತ್ತೊಯ್ದು, ಅಲ್ಲಿ ಬದಲಿಸಿ, ಟಾರ್ಕ್ ರೆಂಚ್‌ನಿಂದ ಬಿಗಿದು, ಮೊದಲ ಸೆಷನ್ ಆದ ಮೇಲೆ ಚಕ್ರ ತಣಿದಾಗ ಮತ್ತೊಮ್ಮೆ ಬಿಗಿ ನೋಡುವ ತಯಾರಿ ಇರಬೇಕು.

ಪ್ರಶ್ನೆ: ನವೆಂಬರ್‌ನಲ್ಲಿ ಚೆನ್ನೈನಲ್ಲಿ ಸ್ಪರ್ಧೆ. ಮಳೆ ಬಂದರೆ? (ದಾವಣಗೆರೆ)

ಉತ್ತರ: ಹಿಂಗಾರಿನ ಕಾಲ, ಬರುತ್ತದೆ ಎಂದೇ ಹೊರಡಿ. ಕನಿಷ್ಠ 5 ಮಿ.ಮೀ. ಟ್ರೆಡ್ ಇರುವ ನಿಮ್ಮ ರಸ್ತೆ ಟೈರೇ ಆ ದಿನದ ಉತ್ತಮ ಟೈರ್. ನಾಲ್ಕೇ ಗೀರಿರುವ ಸೆಮಿ-ಸ್ಲಿಕ್ ನಿಂತ ನೀರಿನ ಮೇಲೆ ತೇಲುತ್ತದೆ. ಒದ್ದೆಯಲ್ಲಿ ಟೈರ್ ಅಷ್ಟಾಗಿ ಕಾಯುವುದಿಲ್ಲ, ಒತ್ತಡವೂ ಏರುವುದಿಲ್ಲ. ಆದ್ದರಿಂದ ಒಣ ದಿನಕ್ಕಿಂತ ಮೂರು ಪಿಎಸ್‌ಐ ಹೆಚ್ಚು ಹಾಕಿ ಹೊರಡಿ. ಎಲ್ಲರೂ ಓಡಿಸುವ ಗೆರೆಯಲ್ಲಿ ರಬ್ಬರ್ ಅಂಟಿಕೊಂಡು ನುಣುಪಾಗಿರುತ್ತದೆ, ಮಳೆಯಲ್ಲಿ ಒಂದು ಕಾರಿನಗಲ ಹೊರಗೆ ಹಿಡಿತ ಹೆಚ್ಚು. ಮಳೆ ನಿಂತು ಟ್ರ್ಯಾಕ್ ಒಣಗತೊಡಗಿದರೆ ಮುಂದಿನ ಸೆಷನ್‌ಗೆ ಮೊದಲು ಆ ಮೂರು ಪಿಎಸ್‌ಐ ಇಳಿಸಿಬಿಡಿ.