ಮಿನಿ ಟ್ರಾಕ್ಟರಿಗೆ ಊರಲ್ಲೇ ಲೋಡರ್: ಎಷ್ಟು ಭಾರ ಎತ್ತಬಹುದು?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಪೆರ್ಡೂರು ಹತ್ತಿರ ಅಡಿಕೆ ತೋಟ. 18 ಎಚ್‌ಪಿಯ ಟೂ ವೀಲ್ ಡ್ರೈವ್ ಮಿನಿ ಟ್ರಾಕ್ಟರ್ ಇದೆ. ಹಟ್ಟಿಗೊಬ್ಬರ, ಮಣ್ಣು ಹೊರಲು ಆಳು ಸಿಗುವುದಿಲ್ಲ. ಮುಂದೆ ಬಕೆಟ್ ಇರುವ ಲೋಡರನ್ನು ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಬೇಕು ಅಂತಿದ್ದೇನೆ. ಗುಜರಿಯಲ್ಲಿ 63 ಎಂಎಂ ಬೋರಿನ (ಒಳವ್ಯಾಸದ) ಎರಡು ಹೈಡ್ರಾಲಿಕ್ ಸಿಲಿಂಡರ್, ಅಂದರೆ ಎಣ್ಣೆಯ ಒತ್ತಡದಿಂದ ತಳ್ಳುವ ಕೊಳವೆಗಳು, ಸಿಕ್ಕಿವೆ. ಅರ್ಧ ಟನ್ ಎತ್ತುವ ಹಾಗೆ ಮಾಡಬಹುದಾ ಅಣ್ಣಾ?

ಉತ್ತರ: ಲೋಡರ್ ಮಾಡಿಸಿ, ಖಂಡಿತ ಮಾಡಿಸಿ. ತಲೆಹೊರೆಯಲ್ಲಿ ಗೊಬ್ಬರ ಸಾಗಿಸುವ ಕಾಲ ನಮ್ಮ ತೋಟಗಳಲ್ಲಿ ಮುಗಿಯುತ್ತಾ ಬಂತು. ಆದರೆ ಅರ್ಧ ಟನ್ ಬೇಡ ಮಾರಾಯ್ರೆ. 200 ಕೆಜಿಗೆ ನಿಲ್ಲಿಸಿ.

ಎಲ್ಲರೂ ಮೊದಲು ಸಿಲಿಂಡರ್ ಹುಡುಕುತ್ತಾರೆ. ಎತ್ತುವ ಶಕ್ತಿ ಬೇಕಾದಷ್ಟು ಸಿಗುತ್ತದೆ, ಅದು ಸಮಸ್ಯೆಯೇ ಅಲ್ಲ. 150 ಬಾರ್ ಒತ್ತಡದಲ್ಲಿ 63 ಎಂಎಂನ ಎರಡು ಸಿಲಿಂಡರ್ ಸೇರಿ 9 ಟನ್ನಿಗಿಂತ ಜಾಸ್ತಿ ತಳ್ಳುತ್ತವೆ. 40 ಎಂಎಂನ ಎರಡೇ ಮೂರೂಮುಕ್ಕಾಲು ಟನ್ ತಳ್ಳುತ್ತವೆ. ತೋಳಿನ ಉದ್ದದಿಂದಾಗಿ ಬಕೆಟ್ ಹತ್ತಿರ ಅದರ ಐದನೇ ಒಂದು ಪಾಲು ಸಿಕ್ಕಿದರೂ ನಿಮಗೆ ಧಾರಾಳ. ಸೋಲುವುದು ಟ್ರಾಕ್ಟರಿನ ಮುಂದಿನ ಆಕ್ಸಲ್.

ಲೆಕ್ಕ ಹಾಕಿ ನೋಡೋಣ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 1.4 ಮೀಟರ್ ಅಂತರ ಅಂತಿಟ್ಟುಕೊಳ್ಳಿ. ಬಕೆಟ್ ಇರುವುದು ಮುಂದಿನ ಆಕ್ಸಲ್‌ನಿಂದ 1 ಮೀಟರ್ ಆಚೆ. ಅಲ್ಲಿ 200 ಕೆಜಿ ತುಂಬಿದರೆ ಮುಂದಿನ ಆಕ್ಸಲ್ ಮೇಲೆ ಬೀಳುವುದು 200 ಅಲ್ಲ, ಸುಮಾರು 340 ಕೆಜಿ. ಹೆಚ್ಚಾದ 140 ಕೆಜಿ ಹಿಂದಿನ ಚಕ್ರಗಳಿಂದ ಕಿತ್ತು ಬಂದದ್ದು. ಅರ್ಧ ಟನ್ ತುಂಬಿದರೆ ಮುಂದೆ 850 ಕೆಜಿ ದಾಟುತ್ತದೆ, ಹಿಂದೆ 350 ಕೆಜಿ ಹಗುರವಾಗುತ್ತದೆ. ಇದರ ಮೇಲೆ ತೋಳು, ಬಕೆಟ್‌ಗಳ ತೂಕ ಬೇರೆ. ನಿಮ್ಮದು ಟೂ ವೀಲ್ ಡ್ರೈವ್. ಎಳೆಯುವುದೂ ಹಿಂದಿನ ಚಕ್ರ, ಬ್ರೇಕ್ ಇರುವುದೂ ಹಿಂದಿನ ಚಕ್ರಕ್ಕೇ. ಪೆರ್ಡೂರು ಕಡೆ ಮನೆ ಮೇಲೆ, ತೋಟ ಕೆಳಗೆ ಅಲ್ವಾ? ಆ ಇಳಿಜಾರಿನಲ್ಲಿ ಹಿಂದಿನ ಚಕ್ರ ನೆಲ ಕಚ್ಚದಿದ್ದರೆ ಬ್ರೇಕ್ ತುಳಿದು ಏನು ಪ್ರಯೋಜನ?

ಆದ್ದರಿಂದ ಹಿಂದಕ್ಕೆ ಭಾರ ಹಾಕಲೇಬೇಕು. ಒಂದು 200 ಲೀಟರ್ ಡ್ರಮ್ಮಿನ ಮೂರನೇ ಒಂದು ಭಾಗಕ್ಕೆ ಕಾಂಕ್ರೀಟ್ ತುಂಬಿದರೆ ಸುಮಾರು 160 ಕೆಜಿ ಆಗುತ್ತದೆ. ತುಂಬುವ ಮೊದಲೇ ತ್ರೀ ಪಾಯಿಂಟ್ ಲಿಂಕಿಗೆ (ಟ್ರಾಕ್ಟರಿನ ಹಿಂದೆ ಉಪಕರಣ ಸಿಕ್ಕಿಸುವ ಮೂರು ತೋಳುಗಳಿಗೆ) ಬೇಕಾದ ಪಿನ್ನುಗಳನ್ನು ಚೌಕಟ್ಟಿಗೆ ವೆಲ್ಡ್ ಮಾಡಿ ಒಳಗೆ ಹೂತುಬಿಡಿ. ಹಿಂದಿನ ಆಕ್ಸಲ್‌ನಿಂದ 70 ಸೆಂಟಿಮೀಟರ್ ಹಿಂದೆ ತೂಗಿದರೆ ಮುಂದಿನ ಭಾರ 80 ಕೆಜಿ ಇಳಿಯುತ್ತದೆ, ಹಿಂದೆ 240 ಕೆಜಿ ಏರುತ್ತದೆ. ಇದಿಲ್ಲದೆ ಬಕೆಟ್ ತುಂಬಬೇಡಿ. ತುಂಬಿದ ಬಕೆಟ್ ಹಿಡಿದು ಇಳಿಯುವಾಗ ರಿವರ್ಸಿನಲ್ಲೇ ಇಳಿಯಿರಿ, ಬಕೆಟ್ ಗುಡ್ಡದ ಕಡೆಗಿರಲಿ. ನೆಲದಿಂದ ಒಂದಡಿಗಿಂತ ಮೇಲೆ ಅದನ್ನು ಎತ್ತಿ ಓಡಿಸಬೇಡಿ. ಕಣಿ ದಾಟುವಾಗಲಂತೂ ನಿಧಾನ.

ಬಕೆಟ್ 4 ಅಡಿ ಅಗಲ, 4 ಘನ ಅಡಿ ಹಿಡಿಯುವಷ್ಟು ಸಾಕು. ನಮ್ಮ ಕೆಂಪು ಮಣ್ಣು ಒದ್ದೆಯಾದರೆ ಘನ ಅಡಿಗೆ 50 ಕೆಜಿ ಹತ್ತಿರ ತೂಗುತ್ತದೆ, ಅಲ್ಲಿಗೆ 200 ಆಯಿತು. ದೊಡ್ಡ ಬಕೆಟ್ ಇದ್ದರೆ ಯಾರಾದರೂ ಒಂದು ದಿನ ತುಂಬಿಯೇ ತುಂಬುತ್ತಾರೆ.

ತೋಳಿನ ಕಂಬಗಳನ್ನು ಮುಂದಿನ ಬಂಪರಿಗೆ ಮಾತ್ರ ಬಿಗಿಯಬೇಡಿ. ಮಿನಿ ಟ್ರಾಕ್ಟರುಗಳಲ್ಲಿ ಎಷ್ಟೋ ಮಾದರಿಗಳಿಗೆ ಬೇರೆ ಚಾಸಿಸ್ಸೇ ಇರುವುದಿಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಇವೇ ಬೆನ್ನೆಲುಬು. ಎಲ್ಲ ಎರಕದ ಕಬ್ಬಿಣ. ಅದರ ಮೇಲೆ ವೆಲ್ಡಿಂಗ್ ಬೇಡವೇ ಬೇಡ. ಎರಡೂ ಬದಿಯಲ್ಲಿ ಚೌಕಟ್ಟನ್ನು ಹಿಂದಿನ ಆಕ್ಸಲ್ ತನಕ ಒಯ್ದು, ಕಂಪೆನಿಯೇ ಕೊಟ್ಟ ತೂತುಗಳಲ್ಲಿ ಬೋಲ್ಟ್ ಹಾಕಿ. ಪಿನ್ ಬಿಚ್ಚಿದರೆ ಇಡೀ ಲೋಡರ್ ಕಳಚಿ ಬರುವ ಹಾಗೆ ಮಾಡಿಸಿ. ರಸ್ತೆಗೆ ಇಳಿಯುವಾಗ ಕಳಚಿಡಿ. ನೋಂದಣಿಯಾದ ವಾಹನವನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ.

63 ಎಂಎಂ ಸಿಲಿಂಡರ್ ಬೇಡ ಅನ್ನಲು ಇನ್ನೊಂದು ಕಾರಣ ಎಣ್ಣೆ. ದಂಡ 40 ಸೆಂಟಿಮೀಟರ್ ಹೊರಬರಲು (ಸ್ಟ್ರೋಕ್) ಅವೆರಡೂ ಎರಡೂವರೆ ಲೀಟರ್ ಕುಡಿಯುತ್ತವೆ. ಹೆಚ್ಚಿನ ಮಿನಿ ಟ್ರಾಕ್ಟರುಗಳಲ್ಲಿ ಅದು ಗೇರ್ ಬಾಕ್ಸಿನ ಎಣ್ಣೆಯೇ, ಅಷ್ಟು ಹೊರಗೆ ಹೋದರೆ ಅಲ್ಲಿ ಕಡಿಮೆ ಬೀಳುತ್ತದೆ. 40 ಎಂಎಂನವಕ್ಕೆ ಒಂದು ಲೀಟರ್ ಸಾಕು. ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ವಾಪಸ್ ಬಿಡುವ ವಾಲ್ವ್) ಇರುವ ಕಂಟ್ರೋಲ್ ವಾಲ್ವನ್ನೇ ತನ್ನಿ. 200 ಕೆಜಿಗಿಂತ ಸ್ವಲ್ಪವೇ ಜಾಸ್ತಿ ಎತ್ತುವ ಹಾಗೆ ಗೇಜ್ ಇಟ್ಟು ಸೆಟ್ ಮಾಡಿಸಿ. ಹೋಸಿನಲ್ಲಿ ಸಣ್ಣ ಸೋರಿಕೆ ಕಂಡರೆ ಬೆರಳಿನಿಂದ ಮುಟ್ಟಿ ನೋಡಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಆ ಒತ್ತಡದ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ನುಗ್ಗಿದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಓಡಬೇಕು. ಎತ್ತಿದ ಬಕೆಟಿನ ಕೆಳಗೆ ಮಕ್ಕಳು, ನಾಯಿ, ನೀವು, ಯಾರೂ ಹೋಗಬಾರದು.

ಪ್ರಶ್ನೆ: ನನ್ನ ಲೋಡರ್ ಬಕೆಟಿನ ಅಂಚಿಗೆ ಹಳೇ ಲಾರಿಯ ಲೀಫ್ ಸ್ಪ್ರಿಂಗ್ ಪ್ಲೇಟ್ ವೆಲ್ಡ್ ಮಾಡಿಸಿದ್ದೆ. ವೆಲ್ಡಿಂಗ್ ಪಕ್ಕದಲ್ಲೇ ಬಿರುಕು ಬಿಡುತ್ತಿದೆ. (ಕಿನ್ನಿಗೋಳಿಯ ಓದುಗರು)

ಉತ್ತರ: ಸ್ಪ್ರಿಂಗ್ ಪ್ಲೇಟಿನಲ್ಲಿ ಇಂಗಾಲ ಜಾಸ್ತಿ. ಬಿಸಿಯಾಗಿ ಬೇಗ ತಣಿದರೆ ಆ ಜಾಗ ಗಾಜಿನ ಹಾಗೆ ಪೆಡಸಾಗುತ್ತದೆ. ಮತ್ತೆ ವೆಲ್ಡ್ ಮಾಡಿಸಬೇಡಿ. ಬಕೆಟಿನ ತುಟಿಗೆ 10 ಎಂಎಂ ದಪ್ಪದ ಎಂಎಸ್ (ಸಾದಾ ಮೆದು ಉಕ್ಕಿನ) ಪಟ್ಟಿ ವೆಲ್ಡ್ ಮಾಡಿಸಿ, ಪ್ಲೇಟನ್ನು ಅದರ ಮೇಲೆ ತಲೆ ಹುದುಗಿದ ಬೋಲ್ಟುಗಳಿಂದ ಬಿಗಿಸಿ. ಒಂದು ಅಂಚು ಸವೆದರೆ ತಿರುಗಿಸಿ ಇನ್ನೊಂದು ಅಂಚನ್ನು ಬಳಸಬಹುದು.