‘ಸೇತುವೆಗೆ ಬಡಿಯುವ ಹಡಗುಗಳು: ತಡೆಯುವುದು ಹೇಗೆ?’ ಲೇಖನದ ಕುರಿತು

ಮಾನ್ಯರೇ,

ಅಮೆರಿಕದ ಬಾಲ್ಟಿಮೋರಿನಲ್ಲಿ ಡಾಲಿ ಎಂಬ ಸರಕು ಹಡಗು ಬಡಿದು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಕುಸಿದುದನ್ನು ಕುರಿತ ನಿಮ್ಮ ಲೇಖನ ಸರಾಗವಾಗಿ ಓದಿಸಿಕೊಳ್ಳುತ್ತದೆಯಾದರೂ ಈಗಿರುವಂತೆ ಅದನ್ನು ಪ್ರಕಟಿಸಲಾಗದು. ಶೀರ್ಷಿಕೆಯಲ್ಲಿ ‘ತಡೆಯುವುದು ಹೇಗೆ’ ಎಂದು ಕೇಳಿ, ಮುಕ್ಕಾಲು ಪಾಲು ಬರಹವನ್ನು 2024ರ ಮಾರ್ಚ್ 26ರ ನಸುಕಿನ ಆರ್ತನಾದಕ್ಕೇ ಬಿಟ್ಟುಕೊಟ್ಟಿದ್ದೀರಿ.

ಅದರಲ್ಲೂ ‘ನೂರಾರು ವಾಹನಗಳು ನದಿಪಾಲಾದವು’ ಎಂಬುದು ತಪ್ಪು. ಡಾಲಿಯನ್ನು ಬಂದರಿನಿಂದ ಹೊರಗೆ ನಡೆಸುತ್ತಿದ್ದ ಪೈಲಟ್ ಕೊಟ್ಟ ಎಚ್ಚರಿಕೆಯಿಂದ ಪೊಲೀಸರು ಸಂಚಾರವನ್ನು ತಡೆದಿದ್ದರು. ಸತ್ತವರು ಸೇತುವೆಯ ಮೇಲೆ ರಸ್ತೆ ಗುಂಡಿ ಮುಚ್ಚುತ್ತಿದ್ದ ಆರು ಕಾರ್ಮಿಕರು, ಅವರಿಗೆ ಮಾತ್ರ ಆ ಎಚ್ಚರಿಕೆ ತಲುಪಲಿಲ್ಲ. ನೀವು ಬರೆಯದೆ ಬಿಟ್ಟ ಈ ಸಂಗತಿಯೇ ಬರೆದ ಎಲ್ಲ ವರ್ಣನೆಗಿಂತ ಹೆಚ್ಚು ಕಲಕುವಂಥದ್ದು.

‘ನಾವಿಕರ ಅಜಾಗರೂಕತೆ’ ಎಂಬ ವಾಕ್ಯವನ್ನೂ ಹೊಡೆದುಹಾಕಿ. ಒಂದು ವಿದ್ಯುತ್ ತಂತಿಯ ಗುರುತಿನ ಚೀಟಿಯನ್ನು ಅದರ ತುದಿಗೆ ತೀರ ಹತ್ತಿರ ಕೂರಿಸಿದ್ದರಿಂದ ಆ ತಂತಿ ತನ್ನ ಹಿಡಿಕೆಯೊಳಗೆ ಪೂರ್ತಿ ಇಳಿಯದೆ ಸಡಿಲವಾಗಿ, ಸುಮಾರು 300 ಮೀಟರ್ ಉದ್ದದ ಹಡಗಿನ ವಿದ್ಯುತ್ತೇ ಕಡಿದುಹೋಯಿತೆಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2025ರಲ್ಲಿ ತೀರ್ಮಾನಿಸಿದೆ.

ಇಂಥ ತಂತಿ ಯಾವ ಹಡಗಿನಲ್ಲೂ ಸಡಿಲವಾದೀತು. ಆದ್ದರಿಂದಲೇ ನಿಮ್ಮ ಲೇಖನದ ತಿರುಳು ಸೇತುವೆಯ ಕಂಬದಲ್ಲಿದೆ. 1980ರಲ್ಲಿ ಅಮೆರಿಕದ ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯ ಸನ್‌ಶೈನ್ ಸ್ಕೈವೇ ಸೇತುವೆಗೆ ಹಡಗು ಬಡಿದು 35 ಜನ ಸತ್ತ ಮೇಲೆ, 1987ರಲ್ಲಿ ತೆರೆದ ಹೊಸ ಸೇತುವೆಯ ಕಂಬಗಳ ಸುತ್ತ ಡಾಲ್ಫಿನ್ ಎಂದು ಕರೆಯುವ ದೈತ್ಯ ಕಾಂಕ್ರೀಟ್ ದಿಮ್ಮಿಗಳನ್ನೂ ಕಲ್ಲಿನ ದಿಬ್ಬಗಳನ್ನೂ ಕಟ್ಟಲಾಯಿತು. ದಾರಿ ತಪ್ಪಿದ ಹಡಗು ಕಂಬವನ್ನು ಮುಟ್ಟುವ ಮೊದಲೇ ದಿಬ್ಬದ ಮೇಲೆ ತಳವೂರಿ ನಿಲ್ಲಲಿ ಎಂಬುದು ಲೆಕ್ಕಾಚಾರ. 1977ರಲ್ಲಿ ತೆರೆದ ಕೀ ಸೇತುವೆಗೂ 1980ರಲ್ಲೇ ಒಂದು ಹಡಗು ತಗುಲಿ ಅಲ್ಪ ಹಾನಿಯಾಗಿತ್ತು. ಆಮೇಲೆ ಹಡಗುಗಳು ಹಲವು ಪಟ್ಟು ಬೆಳೆದವು, ಅದರ ಬಳಿಯಿದ್ದ ಚಿಕ್ಕ ಡಾಲ್ಫಿನ್‌ಗಳು ಬೆಳೆಯಲಿಲ್ಲ. ಅಪಾಯವನ್ನು ಅಳೆಯುವ ವಿಧಾನ 1991ರಿಂದ ಲಭ್ಯವಿದ್ದರೂ ಹಳೆಯ ಸೇತುವೆಗಳಿಗೆ ಅದು ಕಡ್ಡಾಯವಿರಲಿಲ್ಲ. ಇಲ್ಲಿ ಯಾರೂ ಅಳೆಯಲೂ ಇಲ್ಲ. ಇಷ್ಟಕ್ಕೆಲ್ಲ ನಿಮ್ಮಲ್ಲಿರುವುದು ‘ಆಧುನಿಕ ತಂತ್ರಜ್ಞಾನ ಬಳಸಬೇಕು’ ಎಂಬ ಒಂದೇ ವಾಕ್ಯ, ಅದೂ ಯಾವ ತಂತ್ರಜ್ಞಾನವೆಂದು ಹೇಳದ ವಾಕ್ಯ.

ದೊಡ್ಡ ಹಡಗುಗಳನ್ನು ಎಳೆದು ತಳ್ಳಿ ನಡೆಸುವ ಟಗ್ ದೋಣಿಗಳ ವಿಷಯವನ್ನೂ ಸೇರಿಸಿ: ಡಾಲಿಯನ್ನು ಬಂದರಿನಿಂದ ಹೊರತಂದ ಟಗ್‌ಗಳು ಸೇತುವೆಗೆ ಮೊದಲೇ ಹಿಂದಿರುಗಿದ್ದವು. ಅವು ಸೇತುವೆ ದಾಟುವವರೆಗೂ ಜೊತೆಗಿರಬೇಕೇ, ಆ ಖರ್ಚನ್ನು ಯಾರು ಹೊರಬೇಕು ಎಂಬುದನ್ನು ಚರ್ಚಿಸಿ. ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ 1975ರಲ್ಲಿ ಹಡಗು ಬಡಿದು ಸೇತುವೆ ಕುಸಿದ ದುರಂತ ಒಂದು ಸಾಲಿನಲ್ಲಿ ಮುಗಿಯಲಿ. ತಿದ್ದಿದ ಪ್ರತಿಯಲ್ಲಿ ಕಂಬದ ಸುತ್ತಲಿನ ರಕ್ಷಣೆಯ ಸರಳ ರೇಖಾಚಿತ್ರವೊಂದಿದ್ದರೆ ಪುಟ ಒದಗಿಸಲು ಸಿದ್ಧನಿದ್ದೇನೆ.

ಇಂತು,
ಸಂಪಾದಕ