ಐದು ಮತ್ತು ಎಂಟು ವರ್ಷದ ಮಕ್ಕಳು, ಊರಿಂದ ಬಂದ ಅಮ್ಮ: ಮೊದಲ ಸ್ಕೀಯಿಂಗ್‌ಗೆ ಆಲ್ಪ್ಸ್‌ನ ಯಾವ ಹಳ್ಳಿ?

ನೀವು ಮ್ಯೂನಿಕ್‌ನಲ್ಲಿದ್ದೀರಿ, ಫೆಬ್ರವರಿಯಲ್ಲಿ ಹಾಸನದಿಂದ ಅಮ್ಮ ಬಂದಿರುತ್ತಾರೆ, ಮನೆಯಲ್ಲಿ ಯಾರೂ ಇದುವರೆಗೆ ಕಾಲಿಗೆ ಸ್ಕೀ ಕಟ್ಟಿದವರಲ್ಲ, ಐದು ದಿನಕ್ಕೆ ಎಲ್ಲಿಗೆ ಹೋಗುವುದು ಎಂದು ಕೇಳಿದ್ದೀರಿ. ಆಸ್ಟ್ರಿಯಾದ ತಿರೋಲ್‌ನಲ್ಲಿರುವ ಸೆರ್ಫೌಸ್‌ಗೆ ಹೋಗಿ. ಅಗ್ಗದ ಜಾಗವಲ್ಲ. ಆದರೂ ಅದನ್ನೇ ಯಾಕೆ ಹೇಳುತ್ತಿದ್ದೇನೆ ಎಂದರೆ, ನಮ್ಮ ಮೊದಲ ವರ್ಷ ಬೇರೊಂದು ಊರಿನಲ್ಲಿ ಹಾಳಾಗಿ ಹೋಯಿತು.

ಆಗ ಮಗಳಿಗೆ ಆರು ವರ್ಷ. ಬಾಡಿಗೆ ಕಡಿಮೆಯೆಂದು ಕಣಿವೆಯ ತಳದಲ್ಲಿ ಮನೆ ಹಿಡಿದಿದ್ದೆವು. ಬೆಳಗ್ಗೆ ಸ್ಕೀ ಬಸ್ಸು ತುಂಬಿ ಬರುತ್ತಿತ್ತು. ಎರಡು ಜೊತೆ ಸ್ಕೀ ನನ್ನ ಹೆಗಲ ಮೇಲೆ, ಗಟ್ಟಿ ಬೂಟು ಹಾಕಿಕೊಂಡು ನಡೆಯಲಾಗದ ಮಗು ಕೈಯಲ್ಲಿ. ಬೆಟ್ಟ ತಲುಪುವಷ್ಟರಲ್ಲಿ ಅವಳು ಸುಸ್ತಾಗಿರುತ್ತಿದ್ದಳು. ಮೂರನೆಯ ದಿನ, ನನಗೆ ಸ್ವಲ್ಪ ಬರುತ್ತದೆಂಬ ಧೈರ್ಯದಲ್ಲಿ ಅವಳನ್ನು ನಾನೇ ಕೆಂಪು ಇಳಿಜಾರಿಗೆ ಕರೆದುಕೊಂಡು ಹೋದೆ. ನಡುವೆ ಕುಳಿತು ಅತ್ತಳು. ಸ್ಕೀ ಬಿಚ್ಚಿ ಅಂಚಿನಲ್ಲಿ ನಡೆದೇ ಇಳಿದೆವು. ಮುಂದಿನ ಚಳಿಗಾಲವಿಡೀ ಸ್ಕೀ ಎಂದರೆ ಅವಳು ಮುಖ ತಿರುಗಿಸುತ್ತಿದ್ದಳು. ಆ ತಪ್ಪು ನನ್ನದು, ಈಗಲೂ ನೆನೆದರೆ ಬೇಸರವಾಗುತ್ತದೆ. ಅಲ್ಲಿ ಇಳಿಜಾರಿನ ಕಷ್ಟ ತಿಳಿಸುವ ಬಣ್ಣಗಳು ಮೂರು: ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ನಿಮ್ಮ ಐದು ದಿನವೂ ನೀಲಿಯಲ್ಲೇ ಕಳೆದರೆ ಏನೂ ನಷ್ಟವಿಲ್ಲ.

ಸೆರ್ಫೌಸ್ ಇರುವುದು ಇನ್ ನದಿಯ ಕಣಿವೆಯ ಮೇಲೆ, ಬಿಸಿಲು ಬೀಳುವ ಸಮತಟ್ಟಿನಲ್ಲಿ. ಪಕ್ಕದ ಫಿಸ್, ಲಾಡಿಸ್ ಸೇರಿ ಮೂರೂ ಹಳ್ಳಿಗಳದ್ದು ಒಂದೇ ಸ್ಕೀ ಪ್ರದೇಶ. ಆದರೆ ಮಕ್ಕಳಿರುವವರಿಗೆ ಮುಖ್ಯವಾಗುವುದು ಊರಿನ ಬೀದಿಯ ಅಡಿಯಲ್ಲಿ ಓಡುವ ಪುಟ್ಟ ರೈಲು. ಕೇಬಲ್ ಕಾರಿಗೆ ಹೋಗುವ ವಾಹನಗಳಿಂದ ಇಕ್ಕಟ್ಟಾದ ಬೀದಿಗಳು ಕಟ್ಟಿಹೋಗುತ್ತಿದ್ದವು. ಅದಕ್ಕೆ 1985ರಲ್ಲಿ ನೆಲದಡಿ ಸುಮಾರು 1.3 ಕಿಲೋಮೀಟರ್ ಸುರಂಗ ತೋಡಿ ಈ ರೈಲು ತಂದರು. ಗಾಲಿಯಿಲ್ಲ, ಗಾಳಿಯ ಹಾಸಿನ ಮೇಲೆ ತೇಲುವ ಬಂಡಿಯನ್ನು ಹಗ್ಗ ಎಳೆಯುತ್ತದೆ. ನಾಲ್ಕೇ ನಿಲ್ದಾಣ, ಒಂದು ತುದಿಯಲ್ಲಿ ಪಾರ್ಕಿಂಗ್, ಇನ್ನೊಂದು ತುದಿಯಲ್ಲಿ ಕೇಬಲ್ ಕಾರು, ಟಿಕೆಟ್ ಇಲ್ಲ. ಕಾರನ್ನು ಒಮ್ಮೆ ನಿಲ್ಲಿಸಿದರೆ ಹೊರಡುವ ದಿನದವರೆಗೆ ಮುಟ್ಟುವ ಕೆಲಸವಿಲ್ಲ. ನನ್ನ ಹೆಗಲು ಹಗುರಾದದ್ದು ಇಲ್ಲಿ.

ಗೊಂಡೊಲಾ, ಅಂದರೆ ಆ ಕೇಬಲ್ ಕಾರು ಹತ್ತಿದರೆ ಮೇಲೆ ಕೊಂಪರ್‌ಡೆಲ್ ಎಂಬ ಜಾಗ. ಅಲ್ಲೇ ಮಕ್ಕಳ ಸ್ಕೀ ಶಾಲೆಯ ಬಯಲು. ನಿಂತರೆ ಸಾಕು, ನೆಲದ ಪಟ್ಟಿಯೇ ಮೇಲಕ್ಕೆ ಒಯ್ಯುವ 'ಮಾಯಾ ಚಾಪೆ', ಕಾರ್ಟೂನ್ ಗೊಂಬೆಗಳ ಸುತ್ತ ತಿರುವು ಕಲಿಸುವ ಸಣ್ಣ ಇಳಿಜಾರು. ಸ್ಕೀ ತುದಿಗಳನ್ನು ಕೂಡಿಸಿ ನಿಧಾನ ಮಾಡುವುದಕ್ಕೆ ಶಿಕ್ಷಕರು 'ಪಿಜ್ಜಾ' ಎನ್ನುತ್ತಾರೆ, ಸಮಾನಾಂತರವಾಗಿ ಬಿಟ್ಟು ಜಾರುವುದಕ್ಕೆ 'ಪೊಮೆಸ್', ಅಂದರೆ ಆಲೂಗಡ್ಡೆ ಫ್ರೈ. ಐದು ವರ್ಷದ ಮಗುವಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಡ. ಇಬ್ಬರನ್ನೂ ಬಿಟ್ಟು ದೂರ ಹೋಗಿ. ಬೇಲಿಯ ಹೊರಗೆ ನೀವು ಕಂಡರೆ ಕಲಿಯುತ್ತಿದ್ದವರೂ ಅಳಲು ಶುರು ಮಾಡುತ್ತಾರೆ. ಆ ಹೊತ್ತಿನಲ್ಲಿ ನೀವಿಬ್ಬರೂ ದೊಡ್ಡವರ ತರಗತಿಗೆ ಸೇರಿ, ಇದನ್ನು ದಯವಿಟ್ಟು ತಪ್ಪಿಸಬೇಡಿ. ಬೀಳುವುದು, ಏಳುವುದು, ನಿಲ್ಲುವುದು ಅಪ್ಪ-ಅಮ್ಮನಿಗೂ ಬಂದರೆ ಐದನೆಯ ದಿನ ನಾಲ್ವರೂ ಒಟ್ಟಿಗೆ ಒಂದು ನೀಲಿ ಇಳಿಜಾರು ಇಳಿಯಬಹುದು.

ಬಾಡಿಗೆ ಅಂಗಡಿಯಲ್ಲಿ ಬೂಟು ಹಾಕುವಾಗ ಕಾಲಿಗೆ ಒಂದೇ ಜೊತೆ, ಮೊಣಕಾಲಿನವರೆಗಿನ ತೆಳು ಕಾಲುಚೀಲ. ಚಳಿಯೆಂದು ಎರಡು ಹಾಕಿದರೆ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಹೆಲ್ಮೆಟ್ ಎಲ್ಲರಿಗೂ. ಇಳಿಜಾರಿನಲ್ಲಿ ಮುಂದೆ ಇರುವವರಿಗೆ ಹಕ್ಕು, ಹಿಂದಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು. ಎಂಟು ವರ್ಷದವನಿಗೆ ಇದನ್ನು ಮನೆಯಲ್ಲೇ ಹೇಳಿಕೊಡಿ.

ಅಮ್ಮನ ಬಗ್ಗೆ ನಿಮಗೆ ಆತಂಕವಿದೆ. ಹಳ್ಳಿ ಇರುವುದು ಸುಮಾರು 1,430 ಮೀಟರ್ ಎತ್ತರದಲ್ಲಿ. ಕೊಡಚಾದ್ರಿಗಿಂತ ಸ್ವಲ್ಪ ಮೇಲೆ, ಮುಳ್ಳಯ್ಯನಗಿರಿಗಿಂತ ಎಷ್ಟೋ ಕೆಳಗೆ. ಸ್ಕೀ ಮಾಡದವರಿಗೂ ಗೊಂಡೊಲಾ ಟಿಕೆಟ್ ಸಿಗುತ್ತದೆ, ಮೇಲೆ ಹದ ಮಾಡಿದ ನಡಿಗೆಯ ದಾರಿಗಳಿವೆ. ನನ್ನ ಅಮ್ಮ ಎರಡು ದಿನ ಬಿಸಿಲಲ್ಲಿ ಬೆಂಚಿನ ಮೇಲೆ ಕುಳಿತು ಮೊಮ್ಮಗಳು ಬೀಳುವುದನ್ನೂ ಏಳುವುದನ್ನೂ ನೋಡಿದರು. ಅವಳು ಅವರನ್ನು ಕಂಡು ಅಳಲಿಲ್ಲ, ಕೈ ಬೀಸಿದಳು. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಅಮ್ಮನಿಗೂ ಬೇಕು. ಹಿಮದಿಂದ ತಿರುಗಿ ಬರುವ ಬಿಸಿಲು ಮುಖ ಸುಡುತ್ತದೆ.

ಊಟಕ್ಕಾಗಿ ಹೋಟೆಲ್ ಬಿಟ್ಟು ಅಡುಗೆಮನೆ ಇರುವ ಫೆರಿಯನ್‌ವೋನುಂಗ್, ಅಂದರೆ ರಜೆಗೆ ಬಾಡಿಗೆ ಕೊಡುವ ಮನೆ ಹಿಡಿಯಿರಿ. ಫ್ರಿಟಾಟೆನ್‌ಸುಪ್ಪೆ ಎಂಬ ಸೂಪ್‌ನಲ್ಲಿ ದೋಸೆ ಹೆಚ್ಚಿ ಹಾಕಿದಂತೆ ಕಾಣುತ್ತದೆ, ಆದರೆ ಆ ತಿಳಿ ಸಾಮಾನ್ಯವಾಗಿ ದನದ ಮಾಂಸದ್ದು. ಹರಿದು ಬಡಿಸುವ ಸಿಹಿ ಪ್ಯಾನ್‌ಕೇಕ್ ಕೈಸರ್‌ಶ್ಮಾರ್ನ್, ಚೀಸ್ ಹಾಕಿದ ಹಿಟ್ಟಿನ ತಿನಿಸು ಕೇಸ್‌ಸ್ಪೆಟ್ಸ್ಲೆ ಎರಡರಲ್ಲೂ ಮೊಟ್ಟೆ ಇರುತ್ತದೆ. ನಾವು ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ದಿದ್ದೆವು. ಸಂಜೆ ಐದಕ್ಕೆ ಹಸಿದು ಬಂದ ಮಕ್ಕಳ ಮುಂದೆ ಬಿಸಿ ಅನ್ನ-ಸಾರು ಇಟ್ಟಾಗ ಯಾವ ರೆಸ್ಟೋರೆಂಟೂ ನೆನಪಾಗಲಿಲ್ಲ.

ದೊಡ್ಡವನ ಶಾಲೆಗಾಗಿ ನೀವು ಫಾಶಿಂಗ್ (ಕಾರ್ನಿವಲ್ ಹಬ್ಬದ) ಶಾಲಾ ರಜೆಗೇ ಕಟ್ಟುಬೀಳಬೇಕು, ಅದು ಜನ ಕಿಕ್ಕಿರಿಯುವ ವಾರ. ಹಿಂದಿನ ಶರತ್ಕಾಲದಲ್ಲೇ ಮನೆಯನ್ನೂ ಸ್ಕೀ ಶಾಲೆಯ ಜಾಗವನ್ನೂ ಒಟ್ಟಿಗೆ ಕಾದಿರಿಸಿ. ರೈಲಿನಲ್ಲಾದರೆ ಇನ್ಸ್‌ಬ್ರುಕ್ ಮೇಲೆ ಲಾಂಡೆಕ್-ಸಾಮ್ಸ್‌ವರೆಗೆ, ಅಲ್ಲಿಂದ ಬಸ್ಸು. ಅಮ್ಮನ ಷೆಂಗೆನ್ ವೀಸಾ ಆಸ್ಟ್ರಿಯಾಕ್ಕೂ ನಡೆಯುತ್ತದೆ, ಆದರೆ ವಾಪಸ್ ಬರುವಾಗ ಜರ್ಮನಿಯ ಗಡಿಯಲ್ಲಿ ತಪಾಸಣೆ ಇರಬಹುದು, ಪಾಸ್‌ಪೋರ್ಟ್ ಕೈಯಲ್ಲಿರಲಿ. ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸಬೇಕಾಗಿ ಬಂದರೆ ಬಿಲ್ಲು ನಿಮ್ಮ ಕೈಗೇ ಬರಬಹುದು. ನಿಮ್ಮ ವಿಮೆ ಅದನ್ನು ಭರಿಸುತ್ತದೆಯೇ ಎಂದು ಹೊರಡುವ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ.